ಐಸ್ ತುಂಬಿದ ಬಾನಿ

ನನ್ನ ಕೆಲಸ ವಿಡಿಯೋ ತೆಗೆಯುವುದಾಗಿತ್ತು. ಅಮೆರಿಕದ ಅಯೋವಾ ರಾಜ್ಯದಲ್ಲಿ ಸಣ್ಣದೊಂದು ಊರು, ಅಲ್ಲೊಂದು ಸಣ್ಣ ಕಾಲೇಜು, ಆ ಕಾಲೇಜಿನ ಫುಟ್‌ಬಾಲ್ ತಂಡದ ಕೋಚುಗಳ ಸಾಲಿನಲ್ಲಿ ಕಟ್ಟಕಡೆಯವನು ನಾನು. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಲು ದಾವಣಗೆರೆಯಿಂದ ಹೋಗಿದ್ದೆ. ಫೀಸು ಮಾಫಿ, ಕೈಖರ್ಚಿಗೆ ಒಂದಿಷ್ಟು ಡಾಲರು, ಅದಕ್ಕೆ ಬದಲಾಗಿ ತಂಡದ ಚಾಕರಿ. ಹೆಲ್ಮೆಟ್ ಹಾಕಿಕೊಂಡು, ಭುಜಕ್ಕೆ ಕವಚ ಬಿಗಿದು, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆ ಆಟದ ತಲೆಬುಡ ನನಗೆ ಗೊತ್ತಿರಲಿಲ್ಲ. ಸಂದರ್ಶನದಲ್ಲಿ ಹೆಡ್ ಕೋಚ್ ಅದನ್ನು ಕೇಳಲೂ ಇಲ್ಲ. ಕಂಪ್ಯೂಟರ್ ಕೆಲಸ ಬರುತ್ತಾ, ಬೆಳಗ್ಗೆ ಐದಕ್ಕೆ ಏಳ್ತೀಯಾ, ಇಷ್ಟೇ.

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದರೆ ನಮ್ಮವರಿಗೆ ಕಣ್ಣಿಗೆ ಕಟ್ಟುವುದು ಲಕ್ಷ ಜನ ಕೂರುವ ಸ್ಟೇಡಿಯಂ, ಕೋಟಿಗಟ್ಟಲೆ ಸಂಬಳ ಎಣಿಸುವ ಕೋಚ್. ನಮ್ಮದು ಅದಲ್ಲ. ನಮ್ಮದು ಡಿವಿಷನ್ ಮೂರು, ಕಾಲೇಜು ಕ್ರೀಡೆಯ ಮೂರನೇ ದರ್ಜೆ. ಆಟದ ಹೆಸರಿನಲ್ಲಿ ಇಲ್ಲಿ ಒಂದು ಪೈಸೆ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಹುಡುಗರು ಫೀಸು ಕಟ್ಟಿ ಓದುತ್ತಾ ಆಡಬೇಕು. ಪೂರ್ತಿ ಸಂಬಳದ ಕೋಚುಗಳು ನಾಲ್ವರು. ಉಳಿದವರಲ್ಲಿ ಒಬ್ಬ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ಮೇಷ್ಟ್ರು, ಇನ್ನೊಬ್ಬ ಮೆಕ್ಕೆಜೋಳ, ಸೋಯಾ ಬೆಳೆಯುವ ರೈತ, ಸಂಜೆ ಟ್ರ್ಯಾಕ್ಟರ್ ನಿಲ್ಲಿಸಿ ಬರುತ್ತಿದ್ದ. ಹೆಡ್ ಕೋಚ್ ಅನ್ನಿಸಿಕೊಂಡಾತನೇ ಮೈದಾನಕ್ಕೆ ಬಿಳಿ ಗೆರೆ ಎಳೆಯುತ್ತಿದ್ದ, ರಾತ್ರಿ ಹನ್ನೊಂದಕ್ಕೆ ನೂರಿಪ್ಪತ್ತು ಹುಡುಗರ ಬೆವರು ಬಟ್ಟೆ ಯಂತ್ರಕ್ಕೆ ತುಂಬುತ್ತಿದ್ದ. ಡಿಸೆಂಬರಿನಿಂದ ವಸಂತದವರೆಗೆ ಹೈಸ್ಕೂಲು ಹೈಸ್ಕೂಲು ಸುತ್ತಿ ಹುಡುಗರನ್ನು ಕರೆತರುವುದೂ ಅವನ ಪಾಲಿಗೇ. ಸಾವಿರ ಚಿಲ್ಲರೆ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಫೀಸು ಕಟ್ಟುವ ನೂರಿಪ್ಪತ್ತು ಫುಟ್‌ಬಾಲ್ ಹುಡುಗರೆಂದರೆ ಸಣ್ಣ ಬಾಬತ್ತಲ್ಲ. ಪಂದ್ಯ ಸೋತರೆ ಆಡಳಿತದವರು ಒಂದೆರಡು ವರ್ಷ ಸುಮ್ಮನಿದ್ದಾರು. ಹುಡುಗರ ತಲೆಲೆಕ್ಕ ಇಳಿದರೆ ಕೋಚ್ ಮನೆಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಈ ಕೋಚುಗಳ ನಿಜವಾದ ಕಸುಬು ಫಿಲಂ ನೋಡುವುದು. ಬೆಳಗಿನ ಅಭ್ಯಾಸ ಮುಗಿದ ಕೂಡಲೇ ನಾನು ವಿಡಿಯೋವನ್ನು ಒಂದೊಂದು ಆಟಕ್ಕೆ, ಅಂದರೆ ಚೆಂಡು ಎದ್ದು ನಿಲ್ಲುವವರೆಗಿನ ಕೆಲವು ಕ್ಷಣಕ್ಕೆ, ತುಂಡು ಮಾಡಿ ಏರಿಸಬೇಕು. ಮಧ್ಯಾಹ್ನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಎಲ್ಲರೂ ಅದನ್ನೇ ಹಿಂದೆ ಮುಂದೆ ಓಡಿಸುತ್ತಾರೆ. ಎಡಗಾಲು ಆರಿಂಚು ಹೊರಗೆ ಬಿದ್ದರೆ ಗೊತ್ತಾಗುತ್ತದೆ, ಎದೆ ಎತ್ತರವಾದರೆ ಗೊತ್ತಾಗುತ್ತದೆ. ಮುಂದಿನ ಸಾಲಿನಲ್ಲಿ ನಿಂತು ತಳ್ಳಾಡುವ ಭಾರೀ ಹುಡುಗರನ್ನು, ಅಂದರೆ ಲೈನ್‌ಮನ್‌ಗಳನ್ನು, ಪಳಗಿಸುವ ಲೈನ್ ಕೋಚ್ ಅಂತೂ ಒಂದೇ ಆಟವನ್ನು ಹತ್ತಾರು ಸಲ ನೋಡುತ್ತಿದ್ದ. ದೊಡ್ಡ ಕಾಲೇಜುಗಳಲ್ಲಿ ಅಭ್ಯಾಸ ಚಿತ್ರೀಕರಿಸಲು ಕ್ಯಾಮೆರಾದವನನ್ನು ಮೇಲಕ್ಕೆತ್ತುವ ಕತ್ತರಿ ಲಿಫ್ಟ್ ಇರುತ್ತದೆ. 2010ರ ಅಕ್ಟೋಬರಿನಲ್ಲಿ ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಬಿರುಗಾಳಿಗೆ ಅಂಥ ಲಿಫ್ಟ್ ಉರುಳಿ ಡೆಕ್ಲನ್ ಸಲಿವನ್ ಎಂಬ 20 ವರ್ಷದ ವಿದ್ಯಾರ್ಥಿ ಸತ್ತಿದ್ದ. ಅವನ ಕೆಲಸವೂ ನನ್ನದೇ, ವಿಡಿಯೋ. ನಮಗೆ ಲಿಫ್ಟಿಗೆ ದುಡ್ಡಿಲ್ಲದ್ದು ಒಂದು ಪುಣ್ಯ. ಮೈದಾನದ ತುದಿಯಲ್ಲಿ ಉದ್ದನೆಯ ಕಂಬದ ಮೇಲೆ ಒಂದು ಕ್ಯಾಮೆರಾ, ಗ್ಯಾಲರಿಯ ಮೇಲಿನ ಹಲಗೆ ಅಟ್ಟದ ಮೇಲೆ ನಾನು, ನನ್ನ ಇನ್ನೊಂದು ಕ್ಯಾಮೆರಾ.

ಆಗಸ್ಟಿನಲ್ಲಿ ಕ್ಯಾಂಪು. ತರಗತಿಗಳು ಶುರುವಾಗುವ ಮೊದಲು ಹುಡುಗರನ್ನು ಕರೆಸಿಕೊಂಡು ಹದಗೊಳಿಸುವ ದಿನಗಳು. ಮೊದಮೊದಲು ತಲೆಗೆ ಹೆಲ್ಮೆಟ್ ಮಾತ್ರ, ಆಮೇಲೆ ಭುಜಕವಚ, ಮೈ ಬಿಸಿಲಿಗೆ ಒಗ್ಗಿದ ಮೇಲೆ ಪೂರ್ತಿ ಕವಚ. ಕಾಲೇಜು ಫುಟ್‌ಬಾಲಿನಲ್ಲಿ 2003ರಿಂದ ಇದು ನಿಯಮ. ನಾನು ನಮ್ಮೂರ ಬಿಸಿಲು ಕಂಡವನು, ಅಯೋವಾದ ಸೆಕೆ ಏನು ಮಹಾ ಅಂದುಕೊಂಡು ಹೋಗಿದ್ದೆ. ಅದು ಬೇರೆಯೇ ಜಾತಿ. ಊರಿನ ನಾಲ್ಕೂ ಕಡೆ ಕಣ್ಣು ಹಾಯುವಷ್ಟು ಮೆಕ್ಕೆಜೋಳ, ಆಳೆತ್ತರಕ್ಕಿಂತ ಮೇಲೆ. ನಮ್ಮ ಜಿಲ್ಲೆಯಲ್ಲೂ ಅದೇ ಬೆಳೆ, ಆದರೆ ಈ ಪಾಟಿ ಅಲ್ಲ. ಆ ಜೋಳ ಇಡೀ ದಿನ ಎಲೆಯಿಂದ ನೀರಾವಿ ಬಿಡುತ್ತದೆ, ಗಾಳಿ ಒದ್ದೆ ಬಟ್ಟೆಯಾಗುತ್ತದೆ. ಅಲ್ಲಿನ ಜನ ಇದನ್ನು ಜೋಳದ ಬೆವರು ಅನ್ನುತ್ತಾರೆ. ಆ ಗಾಳಿಯಲ್ಲಿ ಮನುಷ್ಯನ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

ಈ ಸೆಕೆಯನ್ನು ಲೆಕ್ಕ ಹಾಕುವ ಸಣ್ಣ ಯಂತ್ರ ಒಬ್ಬಾಕೆಯ ಸೊಂಟದಲ್ಲಿ ನೇತಾಡುತ್ತಿತ್ತು. ಆಕೆ ತಂಡದ ಅಥ್ಲೆಟಿಕ್ ಟ್ರೇನರ್. ಜಿಮ್ಮಿನಲ್ಲಿ ಭಾರ ಎತ್ತಿಸುವವಳಲ್ಲ. ಆಟಗಾರರ ಪೆಟ್ಟು, ಕಾಯಿಲೆ ನೋಡಿಕೊಳ್ಳಲು ಓದಿ ಲೈಸೆನ್ಸ್ ಪಡೆದವಳು. ಅಭ್ಯಾಸ ನಿಲ್ಲಿಸಿ ಅಂತ ಹೆಡ್ ಕೋಚಿಗೇ ಹೇಳುವ ಅಧಿಕಾರ ಆಕೆಗಿತ್ತು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ಏಳು ಪಾಲು, ಬಿಸಿಲಿಗೆ ಕಾಯುವ ಕಪ್ಪು ಗುಂಡಿಗೆ ಎರಡು ಪಾಲು, ಸಾಮಾನ್ಯ ಉಷ್ಣಾಂಶಕ್ಕೆ ಒಂದೇ ಪಾಲು, ಹೀಗೆ ಮೂರನ್ನೂ ಸೇರಿಸಿ ಆ ಯಂತ್ರ ಒಂದು ಅಂಕಿ ಕೊಡುತ್ತದೆ. ಅಂಕಿ ಏರಿದಂತೆ ನೀರಿನ ಬಿಡುವು ಹೆಚ್ಚಬೇಕು, ಕವಚ ಕಳಚಬೇಕು, ಕೊನೆಗೆ ಆಟ ನಿಲ್ಲಬೇಕು. ಕೋಚುಗಳು ಆಕೆಯನ್ನು ಗೌರವಿಸುತ್ತಿದ್ದರು, ಆಕೆಯ ಯಂತ್ರವನ್ನು ಕಂಡರೆ ಗೊಣಗುತ್ತಿದ್ದರು.

ಬಿಸಿಲು ಬಡಿದವರನ್ನು ಐಸ್ ನೀರಿಗೆ ಇಳಿಸಲು ಆಕೆ ಒಂದು ದೊಡ್ಡ ಟಬ್ ಕೇಳಿದ್ದಳಂತೆ. ಬಜೆಟ್ಟಿಲ್ಲ ಅಂದರಂತೆ. ರೈತರ ಸಾಮಾನಿನ ಅಂಗಡಿಯಿಂದ ದನಕ್ಕೆ ನೀರು ಕುಡಿಸುವ ಬಾನಿ, ಇಬ್ಬರು ಕೂರುವಷ್ಟು ದೊಡ್ಡದು, ತಾನೇ ಕೊಂಡು ಪಿಕಪ್ಪಿನಲ್ಲಿ ಹಾಕಿಕೊಂಡು ಬಂದಳು. ಕ್ಯಾಂಪಿನ ಪ್ರತಿ ಬೆಳಗ್ಗೆ ಅದಕ್ಕೆ ಅರ್ಧ ನೀರು ತುಂಬಿ, ಪಕ್ಕದಲ್ಲಿ ಐಸ್ ಪೆಟ್ಟಿಗೆಗಳನ್ನು ಇಡುವುದು ನನ್ನ ಮತ್ತು ಇಬ್ಬರು ವಿದ್ಯಾರ್ಥಿಗಳ ಪಾಲಿನ ಕೆಲಸ. ಹುಡುಗರು ‘ಇವತ್ತು ಹಸು ಬಂದಿಲ್ವಾ’ ಅಂತ ಕಿಚಾಯಿಸುತ್ತಿದ್ದರು. ಯಾಕಿಷ್ಟು ಹಟ ಅಂತ ಆಕೆಯನ್ನು ಕೇಳಿದ್ದೆ. ಉತ್ತರಕ್ಕೆ ಬೊಟ್ಟು ಮಾಡಿದಳು: ಗಡಿ ದಾಟಿದರೆ ಮಿನೆಸೋಟಾ, ಅಲ್ಲಿ ಮ್ಯಾಂಕೇಟೊ. ವೃತ್ತಿಪರ ತಂಡವಾದ ವೈಕಿಂಗ್ಸ್‌ನ ಕೋರಿ ಸ್ಟ್ರಿಂಗರ್ ಅಭ್ಯಾಸದಲ್ಲಿ ಬಿಸಿಲು ಬಡಿದು ಕುಸಿದು, 2001ರ ಆಗಸ್ಟ್ 1ರಂದು ಸತ್ತದ್ದು ಅಲ್ಲಿ. ವಯಸ್ಸು 27. ಆಸ್ಪತ್ರೆ ಮುಟ್ಟಿದಾಗ ಮೈಯ ಬಿಸಿ 108.8 ಡಿಗ್ರಿ ಫ್ಯಾರನ್‌ಹೀಟ್. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್, 19 ವರ್ಷ. ಓಟದ ಕಸರತ್ತಿನಲ್ಲಿ ಕುಸಿದವನ ಮೈಬಿಸಿ ಮೈದಾನದಲ್ಲಿ ಯಾರೂ ಅಳೆಯಲಿಲ್ಲ, ತಣ್ಣೀರಿನಲ್ಲಿ ಯಾರೂ ಇಳಿಸಲಿಲ್ಲ ಎಂದು ತನಿಖೆಯ ವರದಿಯೇ ಹೇಳಿತು. ಇಬ್ಬರೂ ಲೈನ್‌ಮನ್‌ಗಳು. ಈ ಆಟದಲ್ಲಿ ಬಿಸಿಲು ಬಡಿದು ಸತ್ತವರ ಲೆಕ್ಕ ತೆಗೆದರೆ ಹೆಚ್ಚಿನವರು ಭಾರೀ ಮೈಯ ಲೈನ್‌ಮನ್‌ಗಳೇ. ಅರ್ಧಕ್ಕಿಂತ ಹೆಚ್ಚು ಸಾವು ಬೆಳಗಿನ ಅಭ್ಯಾಸದಲ್ಲಿ. ತಂಪು ಹೊತ್ತು ಅಂತ ನಾವು ನಂಬುವ ಬೆಳಗ್ಗೆಯೇ ಗಾಳಿಯಲ್ಲಿ ತೇವ ಜಾಸ್ತಿ.

ಅವತ್ತೂ ಬೆಳಗ್ಗೆಯೇ. ಪೂರ್ತಿ ಕವಚ ಹಾಕಿದ ಮೊದಲ ದಿನಗಳು. ಅಭ್ಯಾಸ ಮುಗಿಯಲು ಕಾಲು ಗಂಟೆ ಇರಬೇಕು. ಆಟದಲ್ಲಿ ತಪ್ಪು ಮಾಡಿದ್ದಕ್ಕೆ ಲೈನ್ ಕೋಚ್ ತನ್ನ ಹುಡುಗರಿಗೆ ಮೈದಾನದ ಅಗಲಕ್ಕೆ ಓಡಿ ಬರುವ ಸುತ್ತು ಕೊಟ್ಟಿದ್ದ. ಅವರಲ್ಲಿ ಎರಡನೇ ವರ್ಷದ ಒಬ್ಬ ಹುಡುಗ, ನೂರ ನಲವತ್ತು ಕೇಜಿ ಹತ್ತಿರ, ನಗುಮುಖದವನು, ಊಟದ ಹಾಲಿನಲ್ಲಿ ನನ್ನ ಡಬ್ಬಿಯ ಉಪ್ಪಿನಕಾಯಿ ರುಚಿ ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡಿದ್ದವನು. ಓಟ ಮುಗಿಸಿ ಮತ್ತೆ ಆಟಕ್ಕೆ ನಿಂತಾಗ ಅವನು ಎದುರಾಳಿಗಳ ಕಡೆ ಹೋಗಿ ನಿಂತ. ಎಲ್ಲರೂ ನಕ್ಕರು. ಲೈನ್ ಕೋಚ್ ಹೆಗಲು ಹಿಡಿದು ತಿರುಗಿಸಿದರೆ ಕೈ ಕೊಡವಿ, ಯಾರ ಬಾಯಲ್ಲೂ ಕೇಳಿರದ ಬೈಗುಳ ಬೈದ. ಆ ಹುಡುಗ ಕೋಚುಗಳಿಗೆ ಎದುರು ಮಾತಾಡಿದವನೇ ಅಲ್ಲ. ನಾಲ್ಕು ಹೆಜ್ಜೆ ಅಡ್ಡಾದಿಡ್ಡಿ ಇಟ್ಟು, ಮುಂದಕ್ಕೆ ಬಾಗಿ, ಹೆಲ್ಮೆಟ್ ಸಮೇತ ಮೂಗುಮುಂದಾಗಿ ಬಿದ್ದ.

ಲೈನ್ ಕೋಚ್ ‘ಏಳು, ಏಳು’ ಅನ್ನುತ್ತಲೇ ಇದ್ದ. ಟ್ರೇನರ್ ಆ ತುದಿಯಿಂದ ಓಡಿ ಬರುತ್ತಾ ಕೂಗಿದ್ದು ಒಂದೇ ಮಾತು: ‘ಬಾನಿ!’

ಅಟ್ಟದ ಏಣಿ ಇಳಿದದ್ದು ಗೊತ್ತಾಗಲಿಲ್ಲ. ನಾನು ಹೋಗುವಷ್ಟರಲ್ಲಿ ಆಕೆ ಕತ್ತರಿಯಿಂದ ಜೆರ್ಸಿ, ಭುಜಕವಚದ ಪಟ್ಟಿ ಎಲ್ಲ ಕತ್ತರಿಸುತ್ತಿದ್ದಳು. ಹುಡುಗನ ಮೈಯಿಂದ ಬೆವರು ಹರಿಯುತ್ತಿತ್ತು. ಬಿಸಿಲು ಬಡಿದವನಿಗೆ ಬೆವರು ನಿಲ್ಲುತ್ತದೆ ಅಂತ ನಾವೆಲ್ಲ ಕೇಳಿದ್ದೇವೆ. ದುಡಿದು ಕುಸಿದವನ ವಿಷಯದಲ್ಲಿ ಅದು ಸುಳ್ಳು. ಮುಟ್ಟಿದರೆ ಚರ್ಮ ಸುಡುತ್ತಿತ್ತು. ಕಿವಿಯಲ್ಲೋ ಹಣೆಯ ಮೇಲೋ ಅಳೆದರೆ ಒಳಗಿನ ಬಿಸಿ ಗೊತ್ತಾಗುವುದಿಲ್ಲ, ಗುದದ್ವಾರದಲ್ಲೇ ಅಳೆಯಬೇಕು. ಹೆಡ್ ಕೋಚ್ ಒಂದು ಮಾತಾಡದೆ ಉಳಿದ ಕೋಚುಗಳನ್ನು ಹೊರಮುಖವಾಗಿ ವೃತ್ತಕ್ಕೆ ನಿಲ್ಲಿಸಿ ಕೈಗೆ ಟವೆಲ್ಲು, ಬೆಡ್‌ಶೀಟು ಕೊಟ್ಟ. ಆ ಮರೆಯೊಳಗೆ ಆಕೆ ಉದ್ದನೆಯ ವೈರಿನ ಥರ್ಮಾಮೀಟರ್ ಇಟ್ಟಳು. 108. ನಮ್ಮ ಲೆಕ್ಕದಲ್ಲಿ 42 ಡಿಗ್ರಿಗೂ ಮೇಲೆ.

ಬೆಡ್‌ಶೀಟಿಗೆ ಉರುಳಿಸಿ ಆರು ಜನ ಎತ್ತಿದೆವು. ರೈತ ಕೋಚ್ ಇಲ್ಲದಿದ್ದರೆ ಆಗುತ್ತಿರಲಿಲ್ಲ, ಕರು ಎತ್ತುವವನ ಹಾಗೆ ಸೊಂಟ ಕೊಟ್ಟ. ಬಾನಿಗೆ ಇಳಿಸಿದೊಡನೆ ನೀರು ಅರ್ಧ ಹೊರಚೆಲ್ಲಿತು, ಐಸ್ ಪೆಟ್ಟಿಗೆಗಳನ್ನು ಮೇಲಿಂದ ಸುರಿದರು. ಒಂದು ಟವೆಲ್ಲನ್ನು ಅವನ ಎರಡೂ ಕಂಕುಳ ಕೆಳಗೆ ಹಾಯಿಸಿ, ಎರಡು ತುದಿ ನನ್ನ ಕೈಗೆ ಕೊಟ್ಟು ಟ್ರೇನರ್ ಅಂದಳು: ‘ತಲೆ ಮುಳುಗಬಾರದು. ಏನೇ ಆದರೂ ಬಿಡಬೇಡ.’

ಅಲ್ಲಿಂದ ಮುಂದಿನದನ್ನು ನಾನು ಅವನ ತಲೆಯ ಹಿಂದಿನಿಂದ ಮಾತ್ರ ನೋಡಿದ್ದು. ಅವನ ತಲೆ ನನ್ನ ಎದೆಗೆ ಒರಗಿತ್ತು. ನನ್ನ ಮೊಣಕೈವರೆಗೆ ಐಸ್ ನೀರು. ಸ್ವಲ್ಪ ಹೊತ್ತಿಗೆ ಬೆರಳು ನನ್ನವಲ್ಲ ಅನ್ನಿಸತೊಡಗಿತು. ಟವೆಲ್ಲಿನ ತುದಿಯನ್ನು ಮುಂಗೈಗೆ ಸುತ್ತಿಕೊಂಡೆ. ಇಬ್ಬರು ಕೈಯಿಂದ ನೀರು ಕದಡುತ್ತಲೇ ಇದ್ದರು, ಸುಮ್ಮನೆ ಬಿಟ್ಟರೆ ಮೈಸುತ್ತ ನೀರು ಬೆಚ್ಚಗಾಗುತ್ತದಂತೆ. ಅವನಿಗೆ ಅರ್ಧ ಪ್ರಜ್ಞೆ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಕೇಳುವಾಗ ಕೂಗುವ ಕೂಗನ್ನು ಇವನು ಕೂಗುತ್ತಿದ್ದ: ‘ಬ್ಲೂ ಎಯ್ಟಿ, ಬ್ಲೂ ಎಯ್ಟಿ, ಸೆಟ್…’ ಅಲ್ಲಿಗೆ ನಿಲ್ಲಿಸಿ, ಮತ್ತೆ ಮೊದಲಿನಿಂದ. ಒಮ್ಮೆ ಬಾನಿಯಿಂದ ಏಳಲು ಹೊರಟ. ಆ ಮೈ ಒಮ್ಮೆ ಜಾಡಿಸಿದರೆ ಬಾನಿಯೇ ವಾಲಿತು. ರೈತ ಕೋಚ್ ಅವನ ತೊಡೆಯ ಮೇಲೆ ಅಡ್ಡ ಮಲಗಿಬಿಟ್ಟ. ಆಮೇಲೆ ವಾಂತಿ, ನನ್ನ ಕೈಮೇಲೆ. ನಾನು ಅವನ ಕಿವಿಯಲ್ಲಿ ‘ಏನಾಗಲ್ಲ ತಮ್ಮಾ, ತಡ್ಕ, ಇನ್ನೊಂಚೂರು ತಡ್ಕ’ ಅಂತ ಕನ್ನಡದಲ್ಲಿ ಹೇಳುತ್ತಿದ್ದೆನಂತೆ. ಇದನ್ನು ನನಗೆ ಹೇಳಿದ್ದು ಹೆಡ್ ಕೋಚ್.

ಆಂಬುಲೆನ್ಸ್ ಬಂತು. ನಿಜವಾದ ಪರೀಕ್ಷೆ ಆಗ ಶುರುವಾಯಿತು. ಸ್ಟ್ರೆಚರ್ ಇಳಿಸಿ ಇಬ್ಬರು ಓಡಿ ಬಂದರು, ಎತ್ತಿ ಅಂದರು. ಟ್ರೇನರ್ ಥರ್ಮಾಮೀಟರಿನ ಮೇಲಿಂದ ಕಣ್ಣೆತ್ತದೆ ‘ಇಲ್ಲ’ ಅಂದಳು. ಮೊದಲು ತಣಿಸು, ಆಮೇಲೆ ಸಾಗಿಸು. ಆಕೆ ಓದಿದ ಪಾಠ ಅದು. ಅರ್ಧ ಗಂಟೆಯೊಳಗೆ ಮೈ ತಣಿಸಿದರೆ ಬಹುತೇಕ ಎಲ್ಲರೂ ಬದುಕುತ್ತಾರೆ. ಮ್ಯಾಸಚೂಸೆಟ್ಸಿನ ಫಾಲ್ಮತ್ ರಸ್ತೆ ಓಟದಲ್ಲಿ 18 ವರ್ಷಗಳಲ್ಲಿ ಹೀಗೆ ಕುಸಿದ 274 ಮಂದಿಯನ್ನು ಐಸ್ ನೀರಿಗೆ ಇಳಿಸಿದ್ದರು, ಒಬ್ಬರೂ ಸಾಯಲಿಲ್ಲ. ಆಂಬುಲೆನ್ಸಿನಲ್ಲಿ ಐಸ್ ಬಾನಿ ಇರುವುದಿಲ್ಲ. ಆಸ್ಪತ್ರೆಯ ದಾರಿಯೇ ಆ ಅರ್ಧ ಗಂಟೆಯನ್ನು ನುಂಗುತ್ತದೆ. ಇದೆಲ್ಲ ಈಗ ಹೇಳುವುದು ಸುಲಭ. ಅಲ್ಲಿ ನಿಂತವರಿಗೆ ಹುಡುಗ ಕಣ್ಣೆದುರೇ ಸಾಯುತ್ತಿದ್ದಾನೆ, ಬಾಗಿಲು ತೆರೆದ ಗಾಡಿ ಹತ್ತು ಮಾರು ದೂರದಲ್ಲಿ ನಿಂತಿದೆ. ಒಳ್ಳೆಯವರೆಲ್ಲರ ಕೈ ಅವನನ್ನು ಎತ್ತಲು ಮುಂದಾಗುತ್ತಿತ್ತು. ಲೈನ್ ಕೋಚ್ ಅಳುತ್ತಾ ‘ಕಳಿಸ್ರೀ, ದಮ್ಮಯ್ಯ, ಕಳಿಸ್ರೀ’ ಅನ್ನುವಂತೆ ಕೈಯೆತ್ತಿ ಬೇಡುತ್ತಿದ್ದ. ಆಂಬುಲೆನ್ಸಿನವನೊಬ್ಬ ಗದರಿದ. ಆಕೆ ಹೆಡ್ ಕೋಚಿನ ಕಡೆ ನೋಡಿದಳು.

ಹೆಡ್ ಕೋಚ್ ಆರಡಿ ದಾಟಿದ ಆಳು. ಬಂದು ಸ್ಟ್ರೆಚರಿಗೂ ಬಾನಿಗೂ ನಡುವೆ ನಿಂತ. ‘ಆಕೆ ಹೇಳಿದಾಗ’ ಅಂದ. ಅಷ್ಟೇ. ಅವನ ಮೀನಖಂಡಗಳು ನಡುಗುತ್ತಿದ್ದುದು ಕೆಳಗೆ ಕೂತಿದ್ದ ನನಗೆ ಕಾಣುತ್ತಿತ್ತು.

106. 105. ಆಕೆ ಗಟ್ಟಿಯಾಗಿ ಓದುತ್ತಿದ್ದಳು. 104ಕ್ಕೆ ಬಂದು ಅಲ್ಲೇ ನಿಂತ ಹಾಗಾಯಿತು. ಇನ್ನಷ್ಟು ಐಸ್ ಅಂದಳು, ಐಸ್ ಮುಗಿದಿತ್ತು, ಹುಡುಗರು ಕುಡಿಯುವ ನೀರಿನ ಡ್ರಮ್ಮುಗಳನ್ನೇ ತಂದು ಸುರಿದರು. 103ರ ಹತ್ತಿರ ಅವನು ಗದಗದ ನಡುಗತೊಡಗಿದ. ಕೂಗು ನಿಂತಿತು. ತಲೆ ಹೊರಳಿಸಿ ನನ್ನ ಮುಖ ನೋಡಿ, ‘ಕೋಚ್, ಚಳಿ’ ಅಂದ. 102 ಆದಾಗ ‘ಈಗ ಎತ್ತಿ’ ಅಂದಳು. ಅವನನ್ನು ಗಾಡಿಗೇರಿಸಿದ ಮೇಲೆ ನನ್ನ ಬೆರಳು ಟವೆಲ್ಲು ಬಿಡಲಿಲ್ಲ. ಹೈಸ್ಕೂಲು ಮೇಷ್ಟ್ರು ಒಂದೊಂದಾಗಿ ಬಿಡಿಸಿದರು.

ಆಸ್ಪತ್ರೆಯಲ್ಲಿ ಹುಡುಗ ಉಳಿದ. ಸ್ನಾಯು ಕರಗಿ ರಕ್ತ ಸೇರಿ ಮೂತ್ರ ಚಹಾ ಬಣ್ಣಕ್ಕೆ ತಿರುಗಿತ್ತು, ಕಿಡ್ನಿ ಕೈಕೊಡುವ ಭಯ ಕೆಲವು ದಿನ ಇತ್ತು, ಯಕೃತ್ತಿನ ಅಂಕಿಗಳು ಇಳಿಯಲು ವಾರಗಟ್ಟಲೆ ಹಿಡಿಯಿತು. ಅವನ ತಾಯಿಗೆ ಫೋನ್ ಮಾಡಿದ್ದು ಹೆಡ್ ಕೋಚ್. ಅವರ ಮನೆಯ ಸೋಫಾದ ಮೇಲೆ ಕೂತು, ‘ನಿಮ್ಮ ಮಗನನ್ನು ನನ್ನ ಮಗನ ಹಾಗೆ ನೋಡ್ಕೋತೀನಿ’ ಅಂತ ಹೇಳಿ ಕರೆತಂದವನೂ ಅವನೇ. ಬಾಗಿಲು ಹಾಕಿಕೊಂಡು ಮಾತಾಡಿದ. ಹೊರಬಂದು ಬಟ್ಟೆ ಒಗೆಯುವ ಯಂತ್ರದ ಕಡೆ ಹೋದ.

ಮರುದಿನ ಬೆಳಗ್ಗೆ ಅಭ್ಯಾಸ ಇತ್ತು. ಇದನ್ನು ನಾನು ಇವತ್ತಿಗೂ ನುಂಗಿಕೊಳ್ಳಲಾರೆ. ಕವಚವಿಲ್ಲದೆ, ಅರ್ಧ ಹೊತ್ತು, ನೆರಳಿನಲ್ಲಿ, ಎಲ್ಲ ನಿಜ. ಆದರೂ ಇತ್ತು. ನೂರಿಪ್ಪತ್ತು ಹುಡುಗರನ್ನು ಕೋಣೆಯಲ್ಲಿ ಕೂರಿಸಿದರೆ ಹೆದರಿಕೆ ಬೆಳೆಯುತ್ತದೆ ಅಂತ ಹೆಡ್ ಕೋಚ್ ವಾದ. ಇರಬಹುದು.

ಇಷ್ಟರ ನಡುವೆ ಯಾರಿಗೂ ಹೊಳೆಯದಿದ್ದ ಒಂದು ಸಂಗತಿ ನನಗೆ ರಾತ್ರಿ ಹೊಳೆಯಿತು. ಎರಡೂ ಕ್ಯಾಮೆರಾ ನಿಂತಿರಲಿಲ್ಲ. ಬಿದ್ದದ್ದು, ಬಾನಿ, ಆಂಬುಲೆನ್ಸು, ಎಲ್ಲ ಅದರಲ್ಲಿತ್ತು. ಹೆಡ್ ಕೋಚಿಗೆ ಹೇಳಿದೆ. ಮರುದಿನ ಮಧ್ಯಾಹ್ನ ಅದೇ ಕಿಟಕಿಯಿಲ್ಲದ ಕೋಣೆಗೆ ಎಲ್ಲರನ್ನೂ ಕರೆದ, ಟ್ರೇನರನ್ನೂ.

ಆಕೆ ಸ್ಟಾಪ್‌ವಾಚ್ ಹಿಡಿದು ನೋಡಿದಳು. ಬಿದ್ದ ಹೊತ್ತಿನಿಂದ ನೀರು ಮುಟ್ಟುವವರೆಗೆ ಐದು ನಿಮಿಷ ತುಂಬಿರಲಿಲ್ಲ. ನೀರಿನಲ್ಲಿದ್ದದ್ದು ಇಪ್ಪತ್ತು ನಿಮಿಷದ ಒಳಗೆ. ನನಗೆ ಅದು ಒಂದು ಹಗಲು ಅನ್ನಿಸಿತ್ತು. ಆಕೆ ಬರೆದುಕೊಂಡು ಎದ್ದುಹೋದಳು. ಲೈನ್ ಕೋಚ್ ರಿಮೋಟ್ ತೆಗೆದುಕೊಂಡ. ಬಿದ್ದ ಜಾಗದಿಂದ ಹಿಂದಕ್ಕೆ ಓಡಿಸಿದ. ಓಟದ ಸುತ್ತಿಗೂ ಹಿಂದಕ್ಕೆ. ಒಂದೊಂದು ಆಟ ಹಿಂದಕ್ಕೆ ಹೋದಂತೆ ಹುಡುಗ ಚೆಂಡಿಗೆ ತಡವಾಗಿ ಏಳುತ್ತಿದ್ದಾನೆ, ಎರಡು ಆಟದ ನಡುವೆ ಮೊಣಕಾಲಿಗೆ ಕೈಯೂರಿ ನಿಲ್ಲುತ್ತಿದ್ದಾನೆ, ಒಂದು ಆಟದಲ್ಲಿ ಬಲಕ್ಕೆ ಹೋಗಬೇಕಾದವನು ಹೆಜ್ಜೆಯೇ ಎತ್ತಿಲ್ಲ. ಅಭ್ಯಾಸದಲ್ಲಿ ಇದಕ್ಕೇ ಅವನಿಗೆ ಬೈದು ಓಡಿಸಿದ್ದು. ಲೈನ್ ಕೋಚ್ ಹತ್ತಾರು ಸಲ ಓಡಿಸಿದ, ಎಂದಿನಂತೆ. ಯಾರೂ ಸಾಕು ಅನ್ನಲಿಲ್ಲ. ಕೊನೆಗೆ ಹೈಸ್ಕೂಲು ಮೇಷ್ಟ್ರು ಎದ್ದು ದೀಪ ಹಾಕಿದರು.

ಆಡಳಿತದವರು ಫಿಲಂ ತಮಗೆ ಒಪ್ಪಿಸಿ, ಯಾರಿಗೂ ತೋರಿಸಬೇಡಿ ಅಂದರು. ಅವರ ಸಭೆಯಲ್ಲಿ ಕೇಳಿದ್ದೆಲ್ಲ ಕಾಗದದ ಪ್ರಶ್ನೆ: ಯಾವ ಅಂಕಿ ಯಾವ ಹೊತ್ತಿಗೆ ಯಾರು ಬರೆದರು. ಬಾನಿಯ ದುಡ್ಡನ್ನು ಆಕೆಗೆ ವಾಪಸು ಕೊಡುವ ಮಾತು ಬರಲಿಲ್ಲ. ವರ್ಷದೊಳಗೆ ಆಕೆ ಒಂದು ಕ್ಲಿನಿಕ್ಕಿನ ಕೆಲಸಕ್ಕೆ ಹೋದಳು, ಸಂಬಳ ಜಾಸ್ತಿ, ಭಾನುವಾರ ರಜೆ.

ಹುಡುಗ ಕಾಲೇಜಿಗೆ ಮರಳಿದ್ದು ಸೆಪ್ಟೆಂಬರ್ ಕೊನೆಗೆ. ಹದಿನೈದು ಕೇಜಿ ಇಳಿದಿದ್ದ. ಆ ಬೆಳಗ್ಗೆಯ ಒಂದು ಗಳಿಗೆಯೂ ಅವನಿಗೆ ನೆನಪಿಲ್ಲ. ಫಿಲಂ ನೋಡಬೇಕು ಅಂದ. ಹೆಡ್ ಕೋಚ್ ಒಂದು ದಿನ ಯೋಚಿಸಿ, ‘ಅದು ಅವನದು’ ಅಂತ ಹೇಳಿ ಬೀಗದ ಕೈ ಕೊಟ್ಟ. ತಾಯಿಯೂ ಬಂದಿದ್ದರು. ಲೈನ್ ಕೋಚ್ ಗೋಡೆಗೆ ಒರಗಿ ನಿಂತಿದ್ದ. ಬಾನಿಯ ಭಾಗಕ್ಕೆ ತಾಯಿ ಕಣ್ಣು ಮುಚ್ಚಿಕೊಂಡರು. ಹುಡುಗ ಮುಚ್ಚಲಿಲ್ಲ, ಮುಗಿದ ಮೇಲೆ ಹಿಂದಕ್ಕೆ ಹೋಗು ಅಂದ, ತಾನು ನೆಟ್ಟಗೆ ಆಡುತ್ತಿದ್ದ ಒಂದು ಆಟಕ್ಕೆ ನಿಲ್ಲಿಸಿದ.

‘ಎದೆ ಎಷ್ಟು ಮೇಲಿದೆ ನೋಡಿ ಕೋಚ್,’ ಅಂದ. ‘ಅದಕ್ಕೇ ತಳ್ಳಿಸಿಕೊಂಡಿದ್ದೀನಿ.’

ಲೈನ್ ಕೋಚ್ ಬಾಗಿಲು ತೆರೆದು ಹೊರಗೆ ಹೋದ.

ಡಾಕ್ಟರು ಆ ವರ್ಷ ಆಡಲು ಬಿಡಲಿಲ್ಲ. ಸುಮ್ಮನೆ ಕೂರಲಾರೆ ಅಂದದ್ದಕ್ಕೆ ನನ್ನ ಎರಡನೇ ಕ್ಯಾಮೆರಾ ಅವನಿಗೆ ಕೊಟ್ಟೆವು. ಬಹಳ ಕೆಟ್ಟದಾಗಿ ತೆಗೆಯುತ್ತಿದ್ದ. ಚೆಂಡು ಮೈದಾನದ ಯಾವ ಮೂಲೆಗೆ ಹಾರಿದರೂ ಅವನ ಕ್ಯಾಮೆರಾ ಐದು ಜನ ಲೈನ್‌ಮನ್‌ಗಳ ಮೇಲೇ ಇರುತ್ತಿತ್ತು, ಆಟ ಮುಗಿದು ಅವರು ಎದ್ದು ನಿಲ್ಲುವವರೆಗೂ. ಉಳಿದ ಕೋಚುಗಳು ನನಗೆ ಬೈದರು. ಲೈನ್ ಕೋಚ್ ಮಾತ್ರ ಹಾಗೇ ತೆಗೆಯಲಿ ಬಿಡು ಅಂದ.